ನಾಯಕತ್ವ ಶಿಬಿರ: ಮಲೆನಾಡಿನ ಕಲಾಸಂಸ್ಥೆಯವರು ಯಾವುದಕ್ಕೆ ಹೋದರೆ ಒಳ್ಳೆಯದು?

ಸಂಸ್ಥೆ ನಡೆಸುವವರಿಗೆ ನಾಯಕತ್ವ ಶಿಬಿರ ಅಂತ ಈಗ ಹಲವು ಬಗೆ ಬಂದಿವೆ. ರೆಸಾರ್ಟಿನಲ್ಲಿ ಮೂರು ದಿನ ಒಂದು. ಬೆಂಗಳೂರಿನಲ್ಲಿ ಕಂತು ಕಂತಾಗಿ ತಿಂಗಳುಗಟ್ಟಲೆ ನಡೆಯುವ ಕೋರ್ಸು ಇನ್ನೊಂದು. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯಲ್ಲಿ ಹಗಲು ಚರ್ಚೆ, ರಾತ್ರಿ ನಾಟಕ. ಇಲ್ಲವೇ ಯಾರದೋ ತೋಟದ ಮನೆಯಲ್ಲಿ ನಾಲ್ಕಾರು ಸಂಸ್ಥೆಯವರು ಕೂತು ಮಾತು. ಒಂದಕ್ಕೂ ಇನ್ನೊಂದಕ್ಕೂ ತಲೆಬುಡ ಹೋಲಿಕೆ ಇಲ್ಲ, ಆದರೂ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ. ಶಿವಮೊಗ್ಗ ಕಡೆಯ ನಾಟಕ ತಂಡ, ಯಕ್ಷಗಾನ ಕಲಿಸುವ ಕೇಂದ್ರ, ಸಂಗೀತ ಸಭಾ, ಗಮಕದ ಬಳಗ ಇಂಥವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇವನ್ನು ಹೋಲಿಸುತ್ತಿದ್ದೇನೆ.

ಇಂಥ ಸಂಸ್ಥೆಗಳ ಮುಖ್ಯಸ್ಥರು ಹೇಗಿರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಹಗಲು ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ, ಸಂಜೆ ತಾಲೀಮು. ಕುವೆಂಪು ರಂಗಮಂದಿರ ಬುಕ್ ಮಾಡುವವರೂ ಅವರೇ, ಬ್ಯಾನರಿನ ಪ್ರೂಫ್ ನೋಡುವವರೂ ಅವರೇ, ನಾಟಕ ಮುಗಿದ ಮೇಲೆ ಲೈಟಿನ ಸಾಮಾನು ಲೆಕ್ಕ ಹಾಕಿ ಗಾಡಿಗೆ ಹತ್ತಿಸುವವರೂ ಅವರೇ. ಸಂಬಳ ಇಲ್ಲ. ರಜೆ ಹಾಕಿ ಶಿಬಿರಕ್ಕೆ ಹೋದರೆ ಅವರ ಸ್ವಂತ ರಜೆಯೇ ಕರಗುತ್ತದೆ. ಹಾಗಾಗಿ ಆಯ್ಕೆ ತಪ್ಪಿದರೆ ನಷ್ಟ ಜಾಸ್ತಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮುಖ್ಯಸ್ಥರು ಒಬ್ಬರೇ ಹೋಗಿ ಬರುವ ಶಿಬಿರಕ್ಕಿಂತ, ಸಂಸ್ಥೆಯ ಇನ್ನೊಬ್ಬರನ್ನೂ ಜತೆಗೆ ಸೇರಿಸಿಕೊಳ್ಳುವ ಶಿಬಿರ ಮೇಲು. ಊಟ, ಜಾಗ, ತರಬೇತುದಾರರ ಹೆಸರು ಎಲ್ಲ ಆಮೇಲೆ. ಒಬ್ಬರೇ ಹೋದರೆ ಹೊಸ ಹುರುಪಿನಲ್ಲಿ ಬಂದು ಸೋಮವಾರದ ಮೀಟಿಂಗಿನಲ್ಲಿ ಮಾತಾಡುತ್ತಾರೆ. ಉಳಿದವರು ತಲೆ ಆಡಿಸುತ್ತಾರೆ. ಹದಿನೈದು ದಿನಕ್ಕೆ ಎಲ್ಲ ಮೊದಲಿನ ಹಾಗೇ ಆಗಿರುತ್ತದೆ. ಇಬ್ಬರು ಹೋಗಿದ್ದರೆ ಮಾತ್ರ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ.

ಮೊದಲು ಒಂದು ಹಾಳೆ ಬರೆಯಿರಿ

ಶುಲ್ಕ ಕಟ್ಟುವ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಒಂದು ಹಾಳೆ ತಗೊಂಡು ಎಡಗಡೆ ಸಂಸ್ಥೆ ನಡೆಯಲು ಬೇಕಾದ ವಸ್ತು, ಮಾಹಿತಿ ಎಲ್ಲ ಬರೆಯುವುದು. ಬಲಗಡೆ ಅದು ಯಾರ ಹತ್ತಿರ ಇದೆ ಅಂತ ಬರೆಯುವುದು. ಒಂದು ಶಿಬಿರದಲ್ಲಿ ಇದನ್ನು ಮಾಡಿಸಿದಾಗ ಒಂದು ತಂಡದವರ ಹಾಳೆ ಹೀಗಿತ್ತು. ಸಾಮಾನಿನ ಕೋಣೆಯ ಬೀಗದ ಕೈ: ಕಾರ್ಯದರ್ಶಿ. ಕಲಾವಿದರ ಫೋನ್ ನಂಬರ್: ಕಾರ್ಯದರ್ಶಿಯ ಮೊಬೈಲು. ಮದ್ದಲೆಗೆ ಮುಚ್ಚಿಗೆ ಹಾಕಿಸುವುದು ಎಲ್ಲಿ: ಕಾರ್ಯದರ್ಶಿಗೆ ಗೊತ್ತು. ಭಾಗವತರಿಗೆ ಎಷ್ಟು ಸಂಭಾವನೆ ಅಂತ ಮಾತಾಗಿದೆ: ಕಾರ್ಯದರ್ಶಿ, ಬಾಯಿಮಾತು. ಆದಾಯ ತೆರಿಗೆ ಪೋರ್ಟಲಿನ ಪಾಸ್‌ವರ್ಡ್: ಆಡಿಟರ್. ಆ ಪೋರ್ಟಲಿಗೆ ಒಟಿಪಿ ಬರುವ ಸಿಮ್: ಹಿಂದಿನ ಖಜಾಂಚಿಯ ಮಗ, ಈಗ ಪುಣೆಯಲ್ಲಿದ್ದಾನೆ. ಎಲ್ಲರೂ ನಕ್ಕರು. ಆಮೇಲೆ ತಮ್ಮ ತಮ್ಮ ಹಾಳೆ ನೋಡಿಕೊಂಡು ಸುಮ್ಮನಾದರು.

ಬಲಗಡೆ ಒಂದೇ ಹೆಸರು ಸಾಲಾಗಿ ಬಂದರೆ ನಿಮಗೆ ಬೇಕಾದದ್ದು ಇನ್ನೊಬ್ಬರನ್ನು ಬೆಳೆಸುವ ದಾರಿ. ಹೆಸರುಗಳು ಹಂಚಿಹೋಗಿವೆ, ಆದರೆ ದುಡ್ಡು ಸಾಲುತ್ತಿಲ್ಲ ಅಂದರೆ ಅದು ಬೇರೆ ತಾಪತ್ರಯ. ಜನ ಇದ್ದಾರೆ, ದುಡ್ಡೂ ಬರುತ್ತದೆ, ಆದರೆ ಸಮಿತಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅಂದರೆ ಅದು ಇನ್ನೊಂದು. ಎಲ್ಲ ಸರಿ ಇದ್ದೂ ಹೊಸದೇನೂ ಹೊಳೆಯುತ್ತಿಲ್ಲ, ವರ್ಷವರ್ಷ ಅದೇ ಪ್ರಸಂಗ, ಅದೇ ನಾಟಕ ಅಂದರೆ ಮತ್ತೊಂದು. ಈ ನಾಲ್ಕಕ್ಕೂ ಒಂದೇ ಶಿಬಿರ ಮದ್ದು ಅಂತ ಯಾರಾದರೂ ಹೇಳಿದರೆ ಅನುಮಾನ ಪಡಿ.

ಬೆಂಗಳೂರಿನ ಉದ್ದನೆಯ ಕೋರ್ಸು

ದುಡ್ಡು, ಕಾಗದಪತ್ರ, ಯೋಜನೆ ಬರೆಯುವುದು ನಿಮ್ಮ ತೊಂದರೆಯಾಗಿದ್ದರೆ ಇದು ಒಳ್ಳೆಯದು. ಕಲೆಗೆ ನೆರವು ಕೊಡುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಿಂದ ಬೆಂಗಳೂರಿನಲ್ಲಿದೆ. ಅವರು, ಇಂಡಿಯಾ ಥಿಯೇಟರ್ ಫೋರಂ ಮತ್ತು ಜುನೂನ್ ಅನ್ನುವ ರಂಗಭೂಮಿಯ ಸಂಸ್ಥೆಗಳು ಸೇರಿ ರಂಗತಂಡಗಳಿಗೆಂದೇ ‘ಸ್ಮಾರ್ಟ್’ ಅನ್ನುವ ನಿರ್ವಹಣಾ ತರಬೇತಿ ರೂಪಿಸಿದರು. ಇಂಥದ್ದು ಪ್ರತಿ ವರ್ಷ ನಡೆಯುತ್ತದೆ ಅಂತ ಎಣಿಸಬೇಡಿ, ಅರ್ಜಿ ಕರೆದಾಗ ನೋಡಿಕೊಳ್ಳಿ. ಕಲೆಗೆ ಮಾತ್ರ ಅಂತಲ್ಲದೆ ಎಲ್ಲ ಬಗೆಯ ಸ್ವಯಂಸೇವಾ ಸಂಸ್ಥೆಗಳಿಗೆ ನಡೆಯುವ ಕೋರ್ಸುಗಳೂ ಇವೆ.

ಇವುಗಳ ದೊಡ್ಡ ಲಾಭ ಅಂದರೆ ನಿಮ್ಮ ಕೆಲಸವನ್ನು ಹೊರಗಿನವರಿಗೆ ಅರ್ಥವಾಗುವ ಹಾಗೆ ನಾಲ್ಕು ಪುಟದಲ್ಲಿ ಬರೆಯುವುದು ಕಲಿಸುತ್ತಾರೆ. ಇದು ಸಣ್ಣ ವಿಷಯ ಅಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಇದಕ್ಕೇ ಸಿಎಸ್‌ಆರ್ ಅನ್ನುವುದು. ಯಾವ ಕೆಲಸ ಅನ್ನುವ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕರಕುಶಲ ಎಲ್ಲ ಇವೆ. ಆದರೆ ಆ ದುಡ್ಡು ತಗೊಳ್ಳಬೇಕಾದರೆ 2021ರ ಏಪ್ರಿಲ್‌ನಿಂದ ಸಂಸ್ಥೆ ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಮಾಡಿಸಿಕೊಂಡಿರಬೇಕು. ಸಂಸ್ಥೆಗೂ ದಾನಿಗಳಿಗೂ ವಿನಾಯಿತಿ ಕೊಡಿಸುವ ಆದಾಯ ತೆರಿಗೆ ನೋಂದಣಿಗಳು (12ಎಬಿ, 80ಜಿ ಅಂತ ಜನ ಕರೆಯುವುದು) ಚಾಲ್ತಿಯಲ್ಲಿರಬೇಕು. ನಮ್ಮ ಕಡೆ ಎಷ್ಟೋ ಒಳ್ಳೆಯ ತಂಡಗಳು ಈ ಕಾಗದದ ಹತ್ತಿರವೇ ನಿಂತುಬಿಡುತ್ತವೆ.

ತೊಂದರೆಗಳೂ ಇವೆ. ಹೆಚ್ಚಿನ ಪಾಠ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಗಂಟೆಗಟ್ಟಲೆ ಅರ್ಥ ಹೇಳುವ ಅರ್ಥಧಾರಿಗಳು ಅಲ್ಲಿ ಹೋಗಿ ಹಿಂದಿನ ಬೆಂಚಲ್ಲಿ ಬಾಯಿಬಿಡದೆ ಕೂರುವುದು ನೋಡಲಿಕ್ಕೆ ಬೇಜಾರು. ಮತ್ತೆ ಕಂತು ಕಂತಿನ ಕೋರ್ಸಿಗೆ ತಿಂಗಳಿಗೊಮ್ಮೆ ರಾತ್ರಿ ರೈಲು ಹತ್ತಬೇಕು. ಪೂರ್ತಿ ಸಮಯ ಕೆಲಸ ಮಾಡುವ ಒಬ್ಬರಾದರೂ ಇರುವ ಸಂಸ್ಥೆಗೆ ಇದು ಹೊಂದುತ್ತದೆ. ಇಲ್ಲದಿದ್ದರೆ ಎರಡನೇ ಕಂತಿಗೇ ನಿಂತುಹೋಗುತ್ತದೆ. ಒಂದು ಉಪಾಯ: ಮುಖ್ಯಸ್ಥರ ಬದಲು ತಂಡದ ಇಪ್ಪತ್ತೈದು ಮೂವತ್ತು ವಯಸ್ಸಿನ ಹುಡುಗಿಯನ್ನೋ ಹುಡುಗನನ್ನೋ ಕಳಿಸಿ. ಅರ್ಜಿಯಲ್ಲಿ ‘ಸಂಸ್ಥೆಯ ಮುಖ್ಯಸ್ಥರೇ ಬರಬೇಕು’ ಅಂತ ಇದ್ದರೂ ಫೋನ್ ಮಾಡಿ ಕೇಳಿ ನೋಡಿ.

ರೆಸಾರ್ಟಿನ ಮೂರು ದಿನ

ಇದರ ಬಗ್ಗೆ ನನಗೆ ಸ್ವಲ್ಪ ತಕರಾರು ಇದೆ. ತರಬೇತುದಾರರು ಹೆಚ್ಚಾಗಿ ಕಂಪನಿಗಳಿಗೆ ಪಾಠ ಮಾಡಿ ಬಂದವರು. ನಾಲ್ಕು ಬಣ್ಣದ ಚೌಕ ತೋರಿಸಿ ನಿಮ್ಮ ಸ್ವಭಾವ ಯಾವುದು ಅಂತ ಗುರುತು ಹಾಕಿಸುತ್ತಾರೆ. ಹಗ್ಗದ ಆಟ, ಕಣ್ಣಿಗೆ ಬಟ್ಟೆ ಕಟ್ಟುವ ಆಟ ಆಡಿಸುತ್ತಾರೆ. ನಾಟಕದವರಿಗೆ ಇದೆಲ್ಲ ಹಳೇ ಆಟ. ಬೇಸಿಗೆ ಶಿಬಿರದ ಮಕ್ಕಳಿಗೆ ಇವರೇ ಆಡಿಸುತ್ತಾರಲ್ಲ!

ಆಟಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕಂಪನಿಯಲ್ಲಿ ಕೆಲಸ ಹೇಳಿದರೆ ಮಾಡಲೇಬೇಕು, ಸಂಬಳ ಇದೆ. ನಮ್ಮಲ್ಲಿ ತಾಲೀಮಿಗೆ ಬರುವವರು ಇಷ್ಟಪಟ್ಟು ಬರುವವರು. ಅಡಿಕೆ ಕೊಯ್ಲು ಬಂದರೆ ಬರುವುದಿಲ್ಲ. ಮಗಳ ಪರೀಕ್ಷೆ ಅಂದರೆ ಬರುವುದಿಲ್ಲ. ಅವರನ್ನು ‘ತೆಗೆದುಹಾಕುವ’ ಮಾತೇ ಇಲ್ಲ, ನಾಳೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೇ ಕೂರುತ್ತಾರೆ. ಇಂಥವರಿಂದ ಸಮಯಕ್ಕೆ ಸರಿಯಾಗಿ ಕೆಲಸ ಆಗಬೇಕು, ಅವರಿಗೆ ಬೇಜಾರೂ ಆಗಬಾರದು. ಇದನ್ನು ಕಲಿಸಬಲ್ಲ ತರಬೇತುದಾರರು ಕಡಿಮೆ. ಹಾಗಾಗಿ ಶುಲ್ಕ ಕೇಳುವ ಮುಂಚೆ ಇದನ್ನೇ ಕೇಳಿ: ‘ಸಂಬಳ ಇಲ್ಲದೆ ನಡೆಯುವ ಸಂಸ್ಥೆಯ ಜತೆ ನೀವು ಎಲ್ಲಿ ಕೆಲಸ ಮಾಡಿದ್ದೀರಿ ಸರ್?’ ಉತ್ತರದಲ್ಲಿ ಒಂದು ಊರಿನ ಹೆಸರು, ಒಂದು ಜಗಳದ ಕತೆ ಬಂದರೆ ಧೈರ್ಯವಾಗಿ ಹೋಗಿ. ಗ್ರಾಹಕರ ಪಟ್ಟಿ ಕಳಿಸುತ್ತೇನೆ ಅಂದರೆ ನಮಸ್ಕಾರ ಹೇಳಿ.

ಒಳ್ಳೆಯ ತರಬೇತುದಾರರು ಸಿಕ್ಕಿದರೆ ಮಾತ್ರ ಒಂದು ವಿಷಯ ಚೆನ್ನಾಗಿ ಕಲಿಯಬಹುದು. ಹೇಳಲಾಗದ ಮಾತನ್ನು ಹೇಳುವುದು. ಹಿರಿಯ ಕಲಾವಿದರಿಗೆ ‘ಈ ಸಲ ಪಾತ್ರ ಬೇರೆಯವರಿಗೆ ಕೊಡೋಣ ಅಂತಿದ್ದೇವೆ’ ಅಂತ ಹೇಳಬೇಕು. ಹೇಗೆ? ಇಬ್ಬಿಬ್ಬರು ಎದುರು ಬದುರು ಕೂತು ಇದನ್ನು ಅಭ್ಯಾಸ ಮಾಡಿಸುವವರು ಇದ್ದಾರೆ. ಆ ಒಂದು ಮಧ್ಯಾಹ್ನಕ್ಕೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ.

ಹೆಗ್ಗೋಡಿನ ದಾರಿ

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ಹಲವು ವರ್ಷಗಳಿಂದ ಅಕ್ಟೋಬರ್ ಹೊತ್ತಿಗೆ ಸಂಸ್ಕೃತಿ ಶಿಬಿರ ನಡೆಸಿಕೊಂಡು ಬಂದಿದೆ. ಅಲ್ಲಿ ಯಾರೂ ನಾಯಕತ್ವ ಕಲಿಸುವುದಿಲ್ಲ. ಹಗಲು ಉಪನ್ಯಾಸ, ಚರ್ಚೆ. ಸಂಜೆ ನಾಟಕ, ಸಂಗೀತ. ಹೊಸದೇನೂ ಹೊಳೆಯುತ್ತಿಲ್ಲ ಅನ್ನುವವರು ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳಬಹುದು. ದಿನಾಂಕ, ಸ್ವರೂಪ ಮೊದಲೇ ವಿಚಾರಿಸಿಕೊಳ್ಳಿ.

ಆದರೆ ಅಲ್ಲಿಗೆ ಹೋದಾಗ ವೇದಿಕೆಯಷ್ಟೇ ನೋಡಿ ಬರಬೇಡಿ, ಸಂಸ್ಥೆಯನ್ನೂ ನೋಡಿ. 1949ರಲ್ಲಿ ಒಂದು ಹಳ್ಳಿಯ ಹವ್ಯಾಸಿಗಳ ಕೂಟವಾಗಿ ಶುರುವಾದದ್ದು ಅದು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಶಾಲೆ, ತಿರುಗಾಟ ಎರಡೂ ನಡೆದವು. ಇದರಲ್ಲಿ ಶಾಲೆಯ ಪಾಲು ದೊಡ್ಡದು ಅಂತ ನನಗೆ ಅನಿಸುತ್ತದೆ. ವರ್ಷವರ್ಷ ಕಲಿತು ಹೊರಬರುವ ಜನ ಇದ್ದರೆ ಕೆಲಸ ಯಾವ ಒಬ್ಬರ ತಲೆಯ ಮೇಲೂ ಪೂರ್ತಿ ಕೂರುವುದಿಲ್ಲ. ಅಡುಗೆ, ವಸತಿ, ರಂಗಸಜ್ಜಿಕೆಯ ಕೆಲಸ ನೋಡಿಕೊಳ್ಳುವವರ ಜತೆ ಟೀ ಕುಡಿಯುತ್ತಾ ಮಾತಾಡಿ. ಅಲ್ಲೇ ಪಕ್ಕದ ಭೀಮನಕೋಣೆಯಲ್ಲಿ ಹೆಂಗಸರ ಸಹಕಾರಿ ಸಂಘ ಚರಕ ಇದೆ, ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾದದ್ದು. ಸಮಯ ಇದ್ದರೆ ಅಲ್ಲೂ ಹೋಗಿ ಬನ್ನಿ. ಇಷ್ಟು ಮಾಡಿದರೂ ನಿಮ್ಮ ಸಂಸ್ಥೆಯ ಲೆಕ್ಕ, ಜಗಳ, ಬೀಗದ ಕೈ ಮನೆಯಲ್ಲಿ ಹಾಗೇ ಕಾಯುತ್ತಿರುತ್ತವೆ ಅನ್ನುವುದು ನೆನಪಿರಲಿ.

ನಾವು ನಾವೇ ಕೂರುವುದು

ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಇದು. ಐದು ಸಂಸ್ಥೆ, ಒಂದೊಂದರಿಂದ ಇಬ್ಬರು, ಒಟ್ಟು ಹತ್ತು ಜನ, ಎರಡು ರಾತ್ರಿ. ಹೊರಗಿನ ಗುರು ಬೇಡ. ಹೊತ್ತು ನೋಡಿಕೊಂಡು, ಮಾತು ದಾರಿತಪ್ಪದ ಹಾಗೆ ನೋಡಿಕೊಳ್ಳುವ ಒಬ್ಬರು ಸಾಕು. ನಿವೃತ್ತ ಬ್ಯಾಂಕ್ ಮ್ಯಾನೇಜರೋ ಹೆಡ್‌ಮಾಸ್ಟರೋ ಆದರೆ ಇನ್ನೂ ಒಳ್ಳೆಯದು. ಕಲಾವಿದರನ್ನು ಮಾತ್ರ ಈ ಕೆಲಸಕ್ಕೆ ಹಾಕಬೇಡಿ, ಗಡಿಯಾರ ಅವರಿಗೆ ಕಾಣುವುದಿಲ್ಲ.

ಒಂದೊಂದು ಸಂಸ್ಥೆಗೆ ಒಂದೂವರೆ ಗಂಟೆ. ಮೊದಲ ಇಪ್ಪತ್ತು ನಿಮಿಷ ಅವರು ತಮ್ಮ ಒಂದೇ ಒಂದು ತೊಂದರೆ ಹೇಳಬೇಕು. ಮುಂದಿನ ಇಪ್ಪತ್ತು ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಕೊಡಬಾರದು. ಇದು ನಮ್ಮವರಿಗೆ ಬಲು ಕಷ್ಟ. ‘ನೀವ್ಯಾಕೆ ಹೀಗೆ ಮಾಡಬಾರದು’ ಅಂತ ಶುರುಮಾಡಿದರೂ ಅದು ಸಲಹೆಯೇ, ಅಲ್ಲೇ ತಡೆಯಬೇಕು. ಆಮೇಲೆ ಅರ್ಧ ಗಂಟೆ ತೊಂದರೆ ಹೇಳಿದವರು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಬಾಯಿಮುಚ್ಚಿ ಕೂರುತ್ತಾರೆ. ಉಳಿದವರು ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ತಮ್ಮೊಳಗೆ ಮಾತಾಡುತ್ತಾರೆ. ತಮ್ಮ ಸಂಸ್ಥೆಯ ಬಗ್ಗೆ ಬೇರೆಯವರು ಎದುರಿಗೇ ಮಾತಾಡುವುದನ್ನು ಉತ್ತರ ಕೊಡದೆ ಕೇಳಿಸಿಕೊಳ್ಳುವುದಿದೆಯಲ್ಲ, ಹತ್ತು ಉಪನ್ಯಾಸದಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ. ಕೊನೆಯ ಇಪ್ಪತ್ತು ನಿಮಿಷ ಅವರದ್ದು. ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಬರೆದು ಸಹಿ ಹಾಕಬೇಕು. ಇಬ್ಬರದೂ ಸಹಿ.

ಬರುವಾಗ ಹಿಂದಿನ ಮೂರು ವರ್ಷದ ಲೆಕ್ಕಪತ್ರ ತರಬೇಕು ಅಂತ ಮೊದಲೇ ಹೇಳಿಬಿಡಿ. ಲೆಕ್ಕ ತೋರಿಸಲು ಹಿಂಜರಿಯುವವರು ಇಲ್ಲೇ ಹಿಂದೆ ಸರಿಯುತ್ತಾರೆ. ಆಗಲಿ, ಒಳ್ಳೆಯದೇ.

ಇದರ ದೋಷ ಏನು ಗೊತ್ತಾ? ಒಂದೇ ಊರಿನ ಸಂಸ್ಥೆಗಳು ಒಂದೇ ದಾನಿಗಳ ಮನೆ ಬಾಗಿಲಿಗೆ ಹೋಗುವವು. ಅದೇ ಅಡಿಕೆ ಮಂಡಿ, ಅದೇ ಡಾಕ್ಟರು, ಅದೇ ಭಾನುವಾರದ ರಂಗಮಂದಿರ. ಹಾಗಿರುವಾಗ ಯಾರು ಮನಸ್ಸುಬಿಚ್ಚಿ ಮಾತಾಡುತ್ತಾರೆ? ಅದಕ್ಕೇ ಒಂದು ತಾಲ್ಲೂಕಿನಿಂದ ಒಂದೇ ಸಂಸ್ಥೆ ಇರಲಿ. ಹಾವೇರಿಯಿಂದ ಒಂದು, ಉಡುಪಿ ಕಡೆಯಿಂದ ಒಂದು, ಚಿಕ್ಕಮಗಳೂರಿನಿಂದ ಒಂದು ಸೇರಿಸಿಕೊಳ್ಳಿ. ನಾಟಕದವರು, ಯಕ್ಷಗಾನದವರು, ಸಂಗೀತದವರು ಬೆರೆತರೆ ಪೈಪೋಟಿಯೂ ಕಡಿಮೆ. ಇನ್ನೊಂದು, ಗೊತ್ತಿಲ್ಲದ ವಿಷಯ ಹತ್ತು ಜನ ಕೂತು ಮಾತಾಡಿದರೂ ಗೊತ್ತಾಗುವುದಿಲ್ಲ. ತೆರಿಗೆ, ನೋಂದಣಿ ಬಗ್ಗೆ ಒಬ್ಬ ಆಡಿಟರ್‌ನ್ನು ಅರ್ಧ ದಿನಕ್ಕೆ ಕರೆಸಿ.

ಸಮಿತಿಯೊಳಗೇ ಜಗಳ ಇದ್ದರೆ ಮೇಲಿನ ಯಾವುದೂ ಬೇಡ. ಮುಖ್ಯಸ್ಥರು ತರಬೇತಿ ಅಂತ ದೂರ ಹೋದಷ್ಟೂ ಊರಲ್ಲಿ ಗುಸುಗುಸು ಹೆಚ್ಚುತ್ತದೆ. ಕಾರ್ಯಕಾರಿ ಸಮಿತಿಯನ್ನೇ ಒಂದು ದಿನ ಹೊರಗೆ ಕರೆದುಕೊಂಡು ಹೋಗಿ, ಹೊರಗಿನ ಒಬ್ಬ ಹಿರಿಯರನ್ನು ಮಧ್ಯೆ ಕೂರಿಸಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಲೇಬೇಕು. ಆ ಸಭೆಗೆ ಒಂದೆರಡು ತಿಂಗಳು ಮುಂಚೆ ಇದು ಆದರೆ ಸಭೆಯಲ್ಲಿ ಕೂಗಾಟ ಕಡಿಮೆಯಾಗುತ್ತದೆ.

ಇನ್ನು ಒಬ್ಬರೇ ಹೋಗಿ ನಾಲ್ಕು ದಿನ ಸುಮ್ನೆ ಕೂತು ಬರುವುದು. ಕುಪ್ಪಳಿಯ ಕವಿಶೈಲಕ್ಕೆ ಹೋಗಿ ಕೂತರೆ ಯಾರಿಗೆ ಬೇಡ ಹೇಳಿ. ಆಯಾಸ ಆಗಿದ್ದರೆ ಖಂಡಿತ ಹೋಗಿ. ಅದಕ್ಕೆ ಸಂಸ್ಥೆಯ ದುಡ್ಡು ಹಾಕಬೇಡಿ, ಅಷ್ಟೇ.

ಯಾವ ತಿಂಗಳು, ಎಂಥ ಜಾಗ

ದಿನ ಗೊತ್ತುಮಾಡುವುದೇ ಇಲ್ಲಿ ದೊಡ್ಡ ತಲೆನೋವು. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳ ತಿರುಗಾಟ ಶುರು, ಮೇವರೆಗೂ ಬಿಡುವಿಲ್ಲ. ನವೆಂಬರಿನಿಂದ ಜನವರಿ ಅಡಿಕೆ ಸುಗ್ಗಿ. ಏಪ್ರಿಲ್, ಮೇ ಮಕ್ಕಳ ಶಿಬಿರ. ಉಳಿಯುವುದು ಮಳೆಗಾಲ. ಜುಲೈ ಕೊನೆ, ಆಗಸ್ಟ್ ನನ್ನ ಮಟ್ಟಿಗೆ ಸರಿಯಾದ ಹೊತ್ತು. ಎಲ್ಲರಿಗೂ ಬಿಡುವು, ಹೋದ ವರ್ಷದ ಲೆಕ್ಕ ಆಡಿಟರ್ ಹತ್ತಿರ ಇನ್ನೂ ಬಿಸಿಬಿಸಿ ಇರುತ್ತದೆ. ಮಳೆಗಾಲದಲ್ಲಿ ಹೋಂಸ್ಟೇ ದರವನ್ನೂ ಚೌಕಾಸಿ ಮಾಡಬಹುದು.

ಆದರೆ ಮಳೆಗಾಲ ಅಂದಮೇಲೆ ಜಾಗ ನೋಡಿ ಆರಿಸಿ. ಆಗುಂಬೆ ಘಾಟಿ ಇಳಿದು ಹತ್ತುವ ಕಡೆ ಬೇಡ. ಸಾಗರ ಊರಿನ ಆಸುಪಾಸು, ತೀರ್ಥಹಳ್ಳಿ ರಸ್ತೆಯ ಪಕ್ಕ ಆದರೆ ಸಾಕು. ಸಾಗರಕ್ಕೆ ತಾಳಗುಪ್ಪ ರೈಲು ಇರುವುದರಿಂದ ಬೆಂಗಳೂರು, ಮೈಸೂರಿನಿಂದ ಬರುವವರಿಗೂ ಸುಲಭ. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣವೂ ಬಂದಿದೆ, ಆದರೆ ವಿಮಾನದಲ್ಲೇ ಬರುತ್ತೇನೆ ಅನ್ನುವ ತರಬೇತುದಾರರ ಖರ್ಚು ಯಾರದ್ದು ಅಂತ ಮೊದಲೇ ಕೇಳಿಕೊಳ್ಳಿ. ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು, ಹಂಚಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೈಕ್ ಇಲ್ಲದೆ ಮಾತು ಕೇಳುತ್ತದಾ ಅಂತ ಹೋಗಿ ನೋಡಿ. ಪಿಪಿಟಿ ನಂಬಿದವರು ಇಲ್ಲಿ ಕಂಗಾಲಾಗುತ್ತಾರೆ. ಇಂಬಳಕ್ಕೆ (ಜಿಗಣೆಗೆ) ಹೆದರುವವರು ಇದ್ದರೆ ಉಪ್ಪು ಇಟ್ಟುಕೊಳ್ಳಲಿ.

ಬೇಸಿಗೆಯಲ್ಲೇ ಮಾಡುತ್ತೇವೆ ಅಂದರೆ ಇನ್ನೊಂದು ಎಚ್ಚರ ಬೇಕು. ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಹರಡುವುದು ಉಣುಗಿನಿಂದ (ಉಣ್ಣೆಯಿಂದ). ಪೇಟೆಯ ಸಂಘಟಕರು ವೇಳಾಪಟ್ಟಿಯಲ್ಲಿ ‘ಬೆಳಗಿನ ಕಾಡು ನಡಿಗೆ’ ಅಂತ ಹಾಕಿದ್ದರೆ ಆ ಕಡೆ ಕಾಯಿಲೆಯ ಸುದ್ದಿ ಇದೆಯಾ ಅಂತ ಸ್ಥಳೀಯ ಆಸ್ಪತ್ರೆಯಲ್ಲಿ ಕೇಳಿ.

ಹೆಣ್ಣುಮಕ್ಕಳು ನಡೆಸುವ ಸಂಸ್ಥೆಗಳು ಈಗ ಎಷ್ಟೋ ಇವೆ. ಅವರಿಗೆ ಬೇರೆ ಕೋಣೆ, ಒಳಗೇ ಶೌಚಾಲಯ, ಬಸ್‌ಸ್ಟ್ಯಾಂಡಿನಿಂದ ಕರೆತರುವ ಗಾಡಿ ಇಲ್ಲದಿದ್ದರೆ ಶಿಬಿರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಸಣ್ಣ ಮಗುವನ್ನು ಕರೆತರಬಹುದಾ ಅಂತ ಕೇಳಿದಾಗ ಸಂಘಟಕರು ತಡವರಿಸಿದರೆ ಅವರ ಅಂದಾಜು ನಿಮಗೆ ಸಿಕ್ಕಿತು.

ದುಡ್ಡಿನ ಮಾತು

ಲೆಕ್ಕ ಹಾಕುವಾಗ ಶುಲ್ಕ ಒಂದೇ ನೋಡಬೇಡಿ. ತಲೆಗೆ 12,000 ರೂಪಾಯಿ ಅಂತಿಟ್ಟುಕೊಳ್ಳಿ. ಇಬ್ಬರಿಗೆ 24,000. ಪ್ರಯಾಣ, ರಜೆಯಿಂದ ಕಳೆದುಕೊಂಡ ಸಂಬಳ ಸೇರಿಸಿ. ಅದೇ ದುಡ್ಡಲ್ಲಿ ಐದು ಸಂಸ್ಥೆ ಸೇರಿ ತೋಟದ ಮನೆಯಲ್ಲಿ ಕೂತರೆ ಏನೇನು ಆಗುತ್ತದೆ ಅಂತ ಪಕ್ಕದಲ್ಲಿ ಬರೆದು ನೋಡಿ. ನಮ್ಮಲ್ಲಿ ಮುಖ್ಯಸ್ಥರು ಸುಮ್ಮನೆ ತಮ್ಮ ಕೈಯಿಂದ ಹಾಕಿಬಿಡುತ್ತಾರೆ. ಹಾಗೆ ಮಾಡದೆ ಸಮಿತಿಯ ನಡಾವಳಿಯಲ್ಲಿ ಬರೆಸಿ, ಬಜೆಟ್ಟಿನಲ್ಲಿ ತರಬೇತಿ ಅಂತ ಒಂದು ಸಾಲು ಸೇರಿಸಿ, ಬಿಲ್ ಸಂಸ್ಥೆಯ ಹೆಸರಿಗೇ ತಗೊಳ್ಳಿ. ಹೋಂಸ್ಟೇಯವರು ನಗದು ಕೇಳುತ್ತಾರೆ. ಒಂದು ದಿನದಲ್ಲಿ ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ, ಬ್ಯಾಂಕಿನಿಂದಲೇ ಕೊಡಿ.

ಎರಡನೆಯವರಿಗೆ ಅರ್ಧ ಶುಲ್ಕ ಮಾಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಸೀಟು ಖಾಲಿ ಉಳಿದವರು ಒಪ್ಪಿಕೊಳ್ಳುವುದುಂಟು. ಆರು ತಿಂಗಳ ಮೇಲೆ ಫೋನ್ ಮಾಡಿ ಏನಾಯಿತು ಅಂತ ವಿಚಾರಿಸುವ ಏರ್ಪಾಡು ಇದೆಯಾ ಅಂತಲೂ ಕೇಳಿ. ಮತ್ತೆ ಜುಲೈ, ಆಗಸ್ಟಿನ ಶಿಬಿರವಾದರೆ ಮಳೆಗೆ ರಸ್ತೆ ಮುಚ್ಚಿದಾಗ ಕಟ್ಟಿದ ದುಡ್ಡು ವಾಪಸ್ ಬರುತ್ತದಾ, ಮುಂದಿನ ಶಿಬಿರಕ್ಕೆ ಹೊಂದಿಸುತ್ತಾರಾ ಅನ್ನುವುದನ್ನು ಮುಂಗಡ ಕಳಿಸುವ ಮುಂಚೆ ಬರಹದಲ್ಲಿ ತಗೊಳ್ಳಿ.